ಬೋಪಾಲ್‌ನಲ್ಲಿ ಹನ್ನೆರಡನೇ ಕ್ಲಾಸು

ಹನ್ನೆರಡನೇ ಕ್ಲಾಸಿನ ವರ್ಷ ನಗುವುದಕ್ಕೆ ಪುರುಸೊತ್ತೇ ಇರುವುದಿಲ್ಲ ಎಂದು ದೊಡ್ಡವರೆಲ್ಲ ನನ್ನನ್ನು ಮೊದಲೇ ಹೆದರಿಸಿದ್ದರು. ಆ ವರ್ಷ ನನ್ನನ್ನು ಹೆಚ್ಚು ನಗಿಸಿದವರೂ ಅವರೇ. ನಾನೇನೂ ತಮಾಷೆ ಹುಡುಕಿಕೊಂಡು ಹೋಗಲಿಲ್ಲ. ಪುಸ್ತಕ ತೆರೆದು ಕೂತರೆ ಸಾಕು, ಯಾರಾದರೊಬ್ಬರು ಬಂದು ಏನಾದರೊಂದು ಮಾಡಿ ಹೋಗುತ್ತಿದ್ದರು.

ನಾವು ಯಾರು ಅಂತ ಹೇಳಿಬಿಡುತ್ತೇನೆ. ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ನಾನು ಹುಟ್ಟಿದ್ದು ಸೂರತ್‌ನಲ್ಲಿ, ಹಾಲುಹಲ್ಲು ಬಿದ್ದದ್ದು ವಡೋದರಾದಲ್ಲಿ, ಬುದ್ಧಿ ಬಂದದ್ದು ಅಹಮದಾಬಾದಿನ ಬೋಪಾಲ್‌ನಲ್ಲಿ. ಬಂದಿಲ್ಲ ಎನ್ನುವವರೂ ಇದ್ದಾರೆ. ಗದಗಿನ ಸೋದರಮಾವ ನಾವು ಮಧ್ಯಪ್ರದೇಶದಲ್ಲಿದ್ದೇವೆ ಎಂದೇ ತಿಳಿದಿದ್ದಾನೆ. ಇದು ಭೋಪಾಲ್ ಅಲ್ಲ, ಬೋಪಾಲ್ ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದರೂ, "ಅದನ್ನ ನಾನೂ ಹೇಳೂದು" ಅನ್ನುತ್ತಾನೆ.

ಮನೆಯಲ್ಲಿ ಅಪ್ಪ, ಅಮ್ಮ, ಜೊತೆಗೆ ಗದಗಿನಿಂದ ಬಂದ ಅಜ್ಜಿ, ಅಪ್ಪನ ತಾಯಿ. ನನ್ನ ಕನ್ನಡ ಅಜ್ಜಿಯ ಕೊಡುಗೆ. ನನ್ನ ಕೋಣೆ ತುಂಬ ವೈರು, ಸೆನ್ಸರು, ಬಿಚ್ಚಿ ಹಾಕಿದ ಹಳೇ ರೇಡಿಯೋ, ಜೋಡಿಸಬೇಕೆಂದಿರುವ ರೋಬೋಟಿನ ಒಂದು ಕೈ. ಕಸ ಗುಡಿಸಲು ಬಂದಾಗಲೆಲ್ಲ ಅಮ್ಮ ಬಾಗಿಲಲ್ಲೇ ನಿಂತು, "ಗುಜರಾತಿಗೆ ಬಂದದ್ದಕ್ಕ ನಮ್ಮ ಮಗಳು ಗುಜರಿ ಅಂಗಡಿ ಇಟ್ಟಾಳ" ಎಂದು ಹೇಳಿ ಹೋಗುತ್ತಾಳೆ.

ಟಾಂಕಿ ತುಂಬಿದೆ

ನಮ್ಮ ಕಟ್ಟಡದ ಮೇಲಿನ ನೀರಿನ ಟಾಂಕಿ ದಿನಾ ಬೆಳಗ್ಗೆ ತುಂಬಿ ಹರಿಯುತ್ತಿತ್ತು. ಮೋಟರ್ ಹಾಕಲು ಎಲ್ಲರಿಗೂ ನೆನಪಿರುತ್ತಿತ್ತು, ಬಂದ್ ಮಾಡಲು ಯಾರಿಗೂ ಇರುತ್ತಿರಲಿಲ್ಲ. ನೀರು ಗೋಡೆಗುಂಟ ಇಳಿದು ಕೆಳಗೆ ನಿಲ್ಲಿಸಿದ ಸ್ಕೂಟರುಗಳನ್ನೆಲ್ಲ ತೊಳೆದು ಹೋಗುತ್ತಿತ್ತು.

ನಾನು ಒಂದು ಸಣ್ಣ ಯಂತ್ರ ಮಾಡಿದೆ. ಟಾಂಕಿಯೊಳಗೆ ತೇಲುವ ಒಂದು ಬುರುಡೆ, ಹೊರಗೆ ಒಂದು ಡಬ್ಬಿ. ನೀರು ಬುರುಡೆಯನ್ನು ಮೇಲಕ್ಕೆತ್ತಿದರೆ ಡಬ್ಬಿಯಿಂದ ಮೋಟರ್ ತಾನಾಗಿ ನಿಲ್ಲಬೇಕು ಎಂಬುದು ನನ್ನ ಲೆಕ್ಕ. ಇದನ್ನು ಸೊಸೈಟಿಯ ಸೆಕ್ರೆಟರಿ ಕಾಕಾಗೆ ತೋರಿಸಿದೆ. ಸೀರೆ ವ್ಯಾಪಾರದಿಂದ ನಿವೃತ್ತರಾದ ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿಕೊಂಡರು. ಆದರೆ ಒಂದು ತಿದ್ದುಪಡಿ ಸೂಚಿಸಿದರು.

"ಬೇಟಾ, ಮೋಟರನ್ನು ಯಂತ್ರ ಮುಟ್ಟುವುದು ಬೇಡ. ಸ್ವಿಚ್ಚು ಸಮಿತಿಯ ಕೈಯಲ್ಲೇ ಇರಲಿ. ನಿನ್ನ ಯಂತ್ರ ನಮ್ಮ ಗ್ರೂಪಿಗೆ ಮೆಸೇಜ್ ಹಾಕಿದರೆ ಸಾಕು."

ಆಗಲಿ ಎಂದೆ. ಕಾಕಾ ಡಬ್ಬಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಮರುದಿನ ಬೆಳಗ್ಗೆ ಸೊಸೈಟಿಯ ಗ್ರೂಪಿನಲ್ಲಿ ನನ್ನ ಯಂತ್ರದ ಮೊದಲ ಮಾತು ಬಂತು. "ಟಾಂಕಿ ತುಂಬಿದೆ. ಮೋಟರ್ ಬಂದ್ ಮಾಡಿ."

ತಕ್ಷಣ ಉತ್ತರ ಶುರುವಾಯಿತು. ಮೂರನೇ ಮಹಡಿಯಿಂದ ಚಪ್ಪಾಳೆ. ಆರನೆಯದರಿಂದ ಕೈಮುಗಿದ ಚಿತ್ರ. ಒಬ್ಬರು ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿದರು. ಇನ್ನೊಬ್ಬರು ಹುಡುಗಿ ಮುಂದೆ ಯಾವ ಬ್ರಾಂಚ್ ತಗೊಳ್ಳುತ್ತಾಳೆ ಎಂದು ಕೇಳಿದರು. ಅದಕ್ಕೆ ಮತ್ತೊಬ್ಬರು ತಮ್ಮ ಅಳಿಯನ ಬ್ರಾಂಚ್ ಯಾವುದೆಂದು ಬರೆದರು. ಇಂಥ ಸೂಚನೆ ಗುಜರಾತಿಯಲ್ಲಿ ಬರಬೇಕೋ ಹಿಂದಿಯಲ್ಲಿ ಬರಬೇಕೋ ಎಂಬ ಚರ್ಚೆಯೂ ಎದ್ದಿತು. ಅಷ್ಟರಲ್ಲಿ ನೀರು ನಮ್ಮ ಕಿಟಕಿ ದಾಟಿ ಇಳಿಯುತ್ತಿತ್ತು. ನಾನು ಕಾಕಾಗೆ ಫೋನ್ ಮಾಡಿದೆ.

"ನೋಡ್ತಾ ಇದ್ದೀಯಾ ಬೇಟಾ, ಎಂಥ ರೆಸ್ಪಾನ್ಸು. ಎಲ್ಲರಿಗೂ ಒಬ್ಬೊಬ್ಬರಿಗೇ ಥ್ಯಾಂಕ್ಸ್ ಹೇಳ್ತಾ ಇದ್ದೇನೆ. ಮುಗಿಸಿಕೊಂಡು ಮೋಟರ್ ಕಡೆ ಹೋಗ್ತೇನೆ."

ಲಿಫ್ಟಿಗೂ ಕಾಯದೆ ಓಡಿ ಹೋಗಿ ನಾನೇ ಸ್ವಿಚ್ಚು ಆರಿಸಿದೆ. ಆ ಭಾನುವಾರ ಸಮಿತಿ ಸಭೆ ಸೇರಿತು. ಯಂತ್ರ ಬಲು ಉತ್ತಮ, ಆದರೆ ಆತುರಗೇಡಿ ಎಂದು ಎಲ್ಲರೂ ಒಪ್ಪಿ ಒಂದು ನಿರ್ಣಯ ಮಾಡಿದರು. ಇನ್ನು ಮುಂದೆ ಯಂತ್ರವು ವಿಷಯವನ್ನು ಮೊದಲು ಸಮಿತಿಗೆ ತಿಳಿಸತಕ್ಕದ್ದು. ಸಮಿತಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಟಾಂಕಿ ತುಂಬಿದೆ ಎಂದು ತಿಳಿಯತಕ್ಕದ್ದು.

ಫೋನಿನೊಳಗಿನ ಹುಡುಗಿ

ದೀಪಾವಳಿ ರಜೆಯಲ್ಲಿ ನಾಲ್ವರೂ ಕಾರಿನಲ್ಲಿ ಸೂರತ್‌ಗೆ ಹೊರಟೆವು. ಅಪ್ಪನ ಹಳೇ ಸಹೋದ್ಯೋಗಿಯೊಬ್ಬರು ಅಲ್ಲಿನ ಪಾಂಡೇಸರಾದಲ್ಲಿ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದಿದ್ದರು. ನಾನು ಚಿಕ್ಕವಳಿದ್ದಾಗ ಅಪ್ಪ ಪಕ್ಕದ ಉಧ್ನಾದ ಬ್ಯಾಂಕ್ ಶಾಖೆಯಲ್ಲಿದ್ದವರು.

ದಾರಿ ತೋರಿಸಲು ನಾನು ಫೋನಿನಲ್ಲಿ ಮ್ಯಾಪ್ ಹಚ್ಚಿದೆ. ಹಿಂದಿನ ಸೀಟಿನಲ್ಲಿದ್ದ ಅಜ್ಜಿಗೂ ತಿಳಿಯಲಿ ಎಂದು ದನಿಯನ್ನು ಕನ್ನಡಕ್ಕೆ ಬದಲಿಸಿದೆ. ಹೆದ್ದಾರಿಯಲ್ಲಿ ಅಪ್ಪನೂ ಆ ದನಿಯೂ ಹೊಂದಿಕೊಂಡೇ ಬಂದರು. ಸೂರತ್ ಹೊಕ್ಕ ಮೇಲೆ ಮಾತ್ರ ಅಪ್ಪನಿಗೆ ಅಧಿಕಾರ ಬಂತು.

"ಅದನ್ನ ಬಂದ್ ಮಾಡು. ಉಧ್ನಾದಾಗ ನನಗ ಕಣ್ಣು ಕಟ್ಟಿ ಬಿಟ್ರೂ ದಾರಿ ಸಿಗತದ."

"ಎಡಕ್ಕೆ ತಿರುಗಿ" ಅಂದಳು ಫೋನಿನ ಹುಡುಗಿ. ಅಪ್ಪ ಬಲಕ್ಕೆ ತಿರುಗಿಸಿದರು. ಅವರ ಕಾಲದಲ್ಲಿ ಅಲ್ಲಿ ಒಂದು ಚಹಾದಂಗಡಿ, ಅದರ ಪಕ್ಕ ಗಲ್ಲಿ ಇತ್ತಂತೆ. ಈಗ ಅಲ್ಲಿ ಫ್ಲೈಓವರಿನ ಕಂಬ ಇತ್ತು. ಕಂಬವನ್ನು ಸುತ್ತಿಕೊಂಡು ಬಂದೆವು. ಹುಡುಗಿ ಬೇರೊಂದು ದಾರಿ ಹೇಳಿದಳು. ಅಪ್ಪ ಅದನ್ನೂ ಕೇಳಲಿಲ್ಲ. ಮತ್ತೆ ಅದೇ ಕಂಬ. ಅವಳು ಮತ್ತೊಂದು ದಾರಿ ಹೇಳಿದಳು.

ಅಜ್ಜಿಗೆ ತಡೆಯಲಾಗಲಿಲ್ಲ. "ಆಕಿ ಪಾಪ ಆಗಳಿಂದ ಹೇಳಾಕತ್ತಾಳ, ಒಂದು ಮಾತು ಕೇಳಬಾರದೇನಪಾ? ಏನು ತಾಳ್ಮಿ ಅದ ಆ ಹುಡುಗಿಗೆ. ಮಾತು ಕೇಳಲಿಲ್ಲಂತ ಸಿಟ್ಟಿಲ್ಲ, ಸೆಡವಿಲ್ಲ. ಹಿಂಗ ಬ್ಯಾಡಾದ್ರ ಹಂಗ ಹೋಗ್ರಿ ಅಂತಾಳ. ಎಲ್ಲಾ ಮನ್ಯಾಗೂ ಹಿಂಥಾಕಿ ಸಿಗೂದಿಲ್ಲ."

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕೊನೆಗೆ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನ ಗೇಟಿನ ಮುಂದೆ ಅಪ್ಪ ಕಾರು ನಿಲ್ಲಿಸಿ ಗಾಜು ಇಳಿಸಿದರು. "ಯಂತ್ರಕ್ಕೇನು ಗೊತ್ತಾಗತದ, ಊರವರನ್ನ ಕೇಳಬೇಕು" ಎಂದು ನನಗೆ ಪಾಠ ಹೇಳಿ, ಅಲ್ಲಿ ನಿಂತಿದ್ದ ಒಬ್ಬನಿಗೆ ವಿಳಾಸ ತೋರಿಸಿದರು. ಆತ ಅದನ್ನು ಎರಡು ಸಲ ಓದಿದ, "ಏಕ್ ಮಿನಿಟ್" ಅಂದ, ಜೇಬಿನಿಂದ ಫೋನು ತೆಗೆದು ಅದರ ಮುಂದೆ ವಿಳಾಸ ಹೇಳಿದ. ಅವನ ಫೋನಿನಿಂದಲೂ ಒಬ್ಬ ಹುಡುಗಿ ಹಿಂದಿಯಲ್ಲಿ ದಾರಿ ಹೇಳತೊಡಗಿದಳು.

ಅಜ್ಜಿ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. "ನೋಡು, ಈ ಊರ ಮಂದೀನೂ ಆಕಿನ್ನ ಕೇಳತಾರ. ಆಕಿಗೆ ಹಿಂದೀನೂ ಬರತದ. ಇಷ್ಟು ಕಲತ ಹುಡುಗಿ ಮಾತು ಕೇಳದಾಂವ ಬ್ಯಾಂಕ್ ಹೆಂಗ ನಡಸ್ತೀಯೋ ಏನೋ."

ಎಲ್ಲರಿಗೂ ಹೊಳೆದದ್ದು

ನವೆಂಬರಿನಲ್ಲಿ ವಡೋದರಾದ ಕನ್ನಡಿಗರು ಒಂದು ಹಾಲ್ ಹಿಡಿದು ರಾಜ್ಯೋತ್ಸವ ಮಾಡಿದರು. ಹಳೇ ಪರಿಚಯದ ಮೇಲೆ ನಮ್ಮನ್ನೂ ಕರೆದರು. ಮಕ್ಕಳಿಗೆ ಭಾಷಣ ಸ್ಪರ್ಧೆ ಇತ್ತು. ವಿಷಯ, ನನ್ನ ಭಾಷೆ ನನ್ನ ಹೆಮ್ಮೆ.

ಅಲ್ಲಿ ಬೆಳೆದ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಅವರ ಹೆಮ್ಮೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿರುತ್ತಾರೆ. ನನಗೂ ಅಮ್ಮ, "ದಿನಾ ಕಂಪ್ಯೂಟರ್ ಮುಂದ ಕೂಡತಿ, ಅದರಾಗಿನ ಎಐಗೆ ಹೇಳಿ ಒಂದು ಭಾಷಣ ಬರಸು" ಎಂದಿದ್ದಳು. ಅಜ್ಜಿ ಬೇಡ ಎಂದರು. "ಅದಕ್ಕೇನು ಗೊತ್ತು ನಮ್ಮ ಸುದ್ದಿ? ಕೂಡು, ನಾ ಹೇಳತೇನಿ."

ಅಜ್ಜಿಯೂ ನಾನೂ ಸೇರಿ ಬೋಪಾಲ್‌ನ ತರಕಾರಿ ಗಾಡಿಯ ಕಥೆ ಮಾಡಿದೆವು. ಅಜ್ಜಿ ಅಲ್ಲಿ ಮೊದಲ ದಿನದಿಂದಲೂ ಗದಗಿನ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಗಾಡಿಯವಳು ಗುಜರಾತಿಯಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರೂ ಜಗಳವಾಡಿ, ನಕ್ಕು, ಕೊನೆಗೆ ಸರಿಯಾದ ಬೆಲೆಗೇ ಬಂದು ನಿಲ್ಲುತ್ತಾರೆ. ಈಗ ಆ ಗಾಡಿಯವಳು ಬೇರೆ ಗಿರಾಕಿಗಳಿಗೂ "ಹಿಸುಕಬ್ಯಾಡ" ಅನ್ನುತ್ತಾಳೆ. ಟೊಮೆಟೊ ಹಿಸುಕಿ ನೋಡುವವರು ಅರ್ಥವಾಗದಿದ್ದರೂ ಕೈ ತೆಗೆಯುತ್ತಾರೆ.

ಸ್ಪರ್ಧೆ ಶುರುವಾಯಿತು. ಮೊದಲ ಹುಡುಗ, "ಕನ್ನಡ ಕೇವಲ ಒಂದು ಭಾಷೆಯಲ್ಲ, ಅದೊಂದು ಭಾವನೆ" ಎಂದು ಆರಂಭಿಸಿದ. ಚಪ್ಪಾಳೆ ಬಿತ್ತು. ಎರಡನೆಯವಳು ಬಂದು, "ಕನ್ನಡ ಕೇವಲ ಒಂದು ಭಾಷೆಯಲ್ಲ, ಅದೊಂದು ಭಾವನೆ" ಎಂದಳು. ಚಪ್ಪಾಳೆ ಸ್ವಲ್ಪ ಕಡಿಮೆ ಬಿತ್ತು. ಮೂರನೆಯವನು ತುಸು ಭಿನ್ನವಾಗಿ, "ಖಂಡಿತ, ನೀವು ಕೇಳಿದ ಐದು ನಿಮಿಷದ ಭಾಷಣ ಇಲ್ಲಿದೆ" ಎಂದು ಗಟ್ಟಿಯಾಗಿ ಓದಿ, ಬಳಿಕ ಭಾವನೆಗೆ ಬಂದ. ಎಂಥ ಆತ್ಮವಿಶ್ವಾಸ ಎಂದು ಮುಂದಿನ ಸಾಲಿನವರು ತಲೆದೂಗಿದರು. ನಾನು ಕೊನೆಯವಳು. ತರಕಾರಿ ಕಥೆಗೆ ಜನ ನಕ್ಕರು, ಹಿಂದಿನ ಸಾಲಿನ ಹೆಂಗಸರು ಅಜ್ಜಿಯನ್ನು ತಿರುಗಿ ನೋಡಿದರು. ಬಹುಮಾನ ನನಗೇ ಎಂದು ನಾನು ಮನಸ್ಸಿನಲ್ಲೇ ವೇದಿಕೆ ಹತ್ತಿಯೂ ಆಗಿತ್ತು.

ಮೂರೂ ಬಹುಮಾನ ಭಾವನೆಗೆ ಹೋದವು. ನನಗೆ ಸಮಾಧಾನಕರ ಬಹುಮಾನ. ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಾಗ ತೀರ್ಪುಗಾರರು ಹತ್ತಿರ ಬಂದರು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಮೆತ್ತಗೆ ಬುದ್ಧಿ ಹೇಳಿದರು.

"ಬೇಜಾರು ಮಾಡ್ಕೋಬೇಡಮ್ಮ. ಉಳಿದ ಮಕ್ಕಳ ಭಾಷಣ ಗಮನಿಸಿದೆಯಾ? ಎಲ್ಲರದೂ ಒಂದೇ ಥರ ಇತ್ತು. ಅಂದರೆ ಎಲ್ಲರಿಗೂ ತಾವಾಗಿಯೇ ಹೊಳೆದದ್ದು. ನಿನ್ನದು ಒಂದೇ ಬೇರೆ ಥರ ಇತ್ತು. ಯಾರೋ ಹೇಳಿಕೊಟ್ಟ ಹಾಗೆ ಕಾಣಿಸಿತು."

"ಹೌದ್ರಿ, ನಾನ ಹೇಳಿಕೊಟ್ಟೇನಿ" ಅಂದರು ಅಜ್ಜಿ ಹೆಮ್ಮೆಯಿಂದ.

ತೀರ್ಪುಗಾರರು ನನ್ನ ಕಡೆ ತಿರುಗಿ ವಿಷಾದದಿಂದ ನಕ್ಕರು. "ನೋಡಿದೆಯಾ, ಇಷ್ಟು ವರ್ಷದ ಅನುಭವ ನಮ್ಮದು."

ಅಳುವ ದಿನ

ನಮ್ಮ ಶಾಲೆಯಲ್ಲಿ ಹನ್ನೆರಡನೇ ಕ್ಲಾಸಿನ ಹೆಚ್ಚಿನವರ ಹೆಸರು ಮಾತ್ರ ಇರುತ್ತಿತ್ತು. ಅವರು ಇಡೀ ದಿನ ಕೋಚಿಂಗ್ ಕ್ಲಾಸಿನಲ್ಲಿ ಇರುತ್ತಿದ್ದರು. ಶಾಲೆಗೂ ಗೊತ್ತು, ಮನೆಯವರಿಗೂ ಗೊತ್ತು, ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿರಲಿಲ್ಲ. ದಿನಾ ಹೋಗುತ್ತಿದ್ದ ನಾವು ಮೊದಲ ಬೆಂಚೂ ತುಂಬುತ್ತಿರಲಿಲ್ಲ.

ಬೀಳ್ಕೊಡುಗೆಯ ದಿನ ಮಾತ್ರ ಇಡೀ ಕ್ಲಾಸು ಬಂತು. ಸೂಟು ಹಾಕಿದ ಹುಡುಗರು, ಸೀರೆ ಉಟ್ಟ ಹುಡುಗಿಯರು. ಅವರಲ್ಲಿ ಒಬ್ಬ ಗೇಟಿನಲ್ಲಿ ನನ್ನನ್ನೇ ತಡೆದು, "ಈ ಶಾಲೆಯ ಸಭಾಂಗಣ ಎಲ್ಲಿ" ಎಂದು ಕೇಳಿದ. ಹೊರಗಿನವನೇನೋ ಎಂದುಕೊಂಡು ನಾನು, "ಯಾರನ್ನು ನೋಡಬೇಕಿತ್ತು?" ಎಂದೆ. "ನಾನು ಇಲ್ಲೇ ಓದ್ತಿರೋದು" ಅಂದ.

ಪ್ರಿನ್ಸಿಪಾಲರು ಮಾತಾಡಿದರು. ಈ ಶಾಲೆಯ ಒಂದೊಂದು ಗೋಡೆಯೂ ನಿಮ್ಮ ನಗುವನ್ನು ನೆನೆಯುತ್ತದೆ ಎಂದರು. ಗೋಡೆಗಳಿಗೆ ಆ ನಗು ಹೇಗಿರುತ್ತದೆ ಎಂದು ಗೊತ್ತಾದದ್ದು ಅವತ್ತೇ. ಬಳಿಕ ಗೇಟಿನಲ್ಲಿ ಸಿಕ್ಕ ಅದೇ ಹುಡುಗನನ್ನು ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಕರೆದರು. ಅವನು ನಮ್ಮ ಕ್ಯಾಂಟೀನು, ಕೊನೆಯ ಬೆಂಚಿನ ಕಿತಾಪತಿ, ಮಳೆಗಾಲದಲ್ಲಿ ಸೋರುವ ಕಾರಿಡಾರು, ಎಲ್ಲವನ್ನೂ ನೆನೆದು ಗದ್ಗದಿತನಾದ. ನಮ್ಮಲ್ಲಿ ಕ್ಯಾಂಟೀನೇ ಇಲ್ಲ. ಆದರೂ ಕೇಳುತ್ತ ಕೇಳುತ್ತ ನನಗೂ ಅದರ ಸಮೋಸದ ನೆನಪು ಬಂತು.

ವೇದಿಕೆಯಿಂದ ಇಳಿದವನು ನೇರ ಬಂದು ನಮ್ಮ ಕೆಮಿಸ್ಟ್ರಿ ಮೇಡಂ ಕಾಲಿಗೆ ಬಿದ್ದ. ಮೇಡಂ ಅವನನ್ನು ಎಬ್ಬಿಸಿ, ತಲೆ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಯಾರು ಈ ಹುಡುಗ?" ಎಂದು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಕಿವಿಯಲ್ಲಿ ಅವನು ಕೇಳಿದ. "ಇವರು ಯಾವ ಸಬ್ಜೆಕ್ಟು?"

ಮನೆಯಲ್ಲೇ ಓದುವ ವಿಧಾನ

ನಾನು ದಿನಾ ಶಾಲೆಗೆ ಹೋಗುತ್ತಿದ್ದುದಕ್ಕೆ ಕಾರಣವಿತ್ತು. ವರ್ಷದ ಆರಂಭದಲ್ಲಿ ಅಪ್ಪ ನನ್ನನ್ನೂ ಬೋಪಾಲ್‌ನ ಒಂದು ದೊಡ್ಡ ಕೋಚಿಂಗ್ ಕ್ಲಾಸಿಗೆ ಕಳಿಸಿದ್ದರು. ಅಲ್ಲಿ ಪಾಠ ಮಾಡುವವರು ಮದುವೆ ಛತ್ರದಲ್ಲಿದ್ದಂತೆ ಮೈಕು ಹಿಡಿದಿರುತ್ತಿದ್ದರು. ನಾನು ಎದ್ದು ನಿಂತು, "ಸರ್, ಈ ಸೂತ್ರ ಯಾಕೆ ಹೀಗೆ?" ಎಂದು ಕೇಳಿದೆ. "ಯಾಕೆ ಅನ್ನೋದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದು ಮೈಕಿನಲ್ಲಿ ಉತ್ತರ ಬಂತು. ಒಂದು ವಾರವೂ ಆಗಿರಲಿಲ್ಲ, ಇನ್ನು ಹೋಗುವುದಿಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟೆ.

ಅಪ್ಪ ಕೂಗಾಡಲಿಲ್ಲ. ಅದೇ ಕಷ್ಟ. ಊಟದ ತಟ್ಟೆ ನೋಡುತ್ತ, "ಮಂದಿ ಮಕ್ಕಳೆಲ್ಲ ಹೊಂಟಾವ, ನೀ ಒಬ್ಬಾಕಿ ಮನ್ಯಾಗ ಕುಂತು ಓದತೀನಿ ಅಂತಿ. ಮಾರ್ಕ್ಸ್ ಕಡಿಮಿ ಬಂದ್ರ ಆ ವೈರು ಸೆನ್ಸರು ಎಲ್ಲಾ ಗಂಟು ಕಟ್ಟಿ ಗುಜರಿಗೆ ಕೊಟ್ಟುಬಿಡೂದು" ಎಂದರು. ಒಪ್ಪಿದೆ. ಆ ವರ್ಷ ಓದುತ್ತಿದ್ದಾಗ ಎಷ್ಟೋ ಸಲ ಹೆದರಿಕೆಯಾಗಿ ರೋಬೋಟಿನ ಕೈಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅದು ನನ್ನನ್ನು ಕರೆಯುತ್ತದೆ ಎಂದಲ್ಲ, ಅಪ್ಪನ ಕಣ್ಣಿಗೆ ಬೀಳದಿರಲಿ ಎಂದು.

ಫಲಿತಾಂಶ ಬಂದ ಬೆಳಗ್ಗೆ ಅಪ್ಪ ಬ್ಯಾಂಕಿಗೆ ಹೊರಟವರು ಒಂದೇ ಶೂ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ಫೋನಿನಲ್ಲಿ ಪುಟ ತೆರೆಯಿತು. ಶಾಲೆಗೆ ನಾನೇ ಮೊದಲಿಗಳು. ಅಪ್ಪ ಇನ್ನೊಂದು ಶೂ ಹಾಕಿಕೊಂಡು ಕೆಳಗೆ ಹೋದರು. ಕಡಲೆಹಿಟ್ಟಿನ ಗರಿಗರಿ ಫಾಫ್ಡಾ, ಜಿಲೇಬಿ ಕಟ್ಟಿಸಿಕೊಂಡು ಬಂದು ನನ್ನ ಮೇಜಿನ ಮೇಲೆ, ವೈರುಗಳನ್ನು ಜೋಪಾನವಾಗಿ ಸರಿಸಿ ಇಟ್ಟರು. ವಡೋದರಾದ ಕಾಲೇಜಿನಲ್ಲಿ ನಾನು ಬಯಸಿದ ಎಲೆಕ್ಟ್ರಾನಿಕ್ಸ್ ಸೀಟೂ ಸಿಕ್ಕಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಒಂದು ಸಂಜೆ ಅಪ್ಪನೂ ನಾನೂ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಸರ್ಕಲ್ಲಿನಲ್ಲಿ ನನ್ನ ಮುಖ ಕಾಣಿಸಿತು. ಲಾರಿಯಷ್ಟು ದೊಡ್ಡ ಫ್ಲೆಕ್ಸು. "ನಮ್ಮ ಹೆಮ್ಮೆಯ ವಿದ್ಯಾರ್ಥಿನಿ" ಎಂದು ಆ ಮೈಕಿನ ಕ್ಲಾಸಿನವರು ಹಾಕಿಸಿದ್ದರು. ಸೇರುವಾಗ ತೆಗೆದ ಫೋಟೋ. ನನಗಿಲ್ಲದ ಕನ್ನಡಕವನ್ನೂ ಬರೆಸಿದ್ದರು.

ಅಪ್ಪ ಸ್ಕೂಟರು ತಿರುಗಿಸಿ ನೇರ ಅವರ ಆಫೀಸಿಗೇ ಹೋದರು. ಮ್ಯಾನೇಜರು ನಗುತ್ತ ಚಹಾ ತರಿಸಿದ.

"ಇವಳು ನಿಮ್ಮಲ್ಲಿ ಒಂದು ವಾರವೂ ಬಂದಿಲ್ಲ" ಅಂದರು ಅಪ್ಪ.

"ಅದೇ ಸರ್ ನಾನೂ ಹೇಳೋದು. ಒಂದು ವಾರಕ್ಕೇ ಇಷ್ಟು ಮಾರ್ಕ್ಸು. ಪೂರ್ತಿ ಬಂದಿದ್ದರೆ ಏನಾಗ್ತಿತ್ತು ಯೋಚನೆ ಮಾಡಿ."

"ಅವಳಿಗೆ ಕನ್ನಡಕ ಇಲ್ಲ."

"ಕನ್ನಡಕ ಇಲ್ಲದ ಟಾಪರ್ ಅಂದರೆ ಪೇರೆಂಟ್ಸ್ ನಂಬಲ್ಲ ಸರ್."

ಅಪ್ಪ ಚಹಾ ಕುಡಿಯದೆ ಎದ್ದು ಬಂದರು. ಆದರೆ ಎರಡು ದಿನದಲ್ಲಿ ಸರ್ಕಲ್ಲಿನ ಎದುರು ಬದಿಯಲ್ಲಿ ಇನ್ನೊಂದು ಫ್ಲೆಕ್ಸ್ ಎದ್ದಿತು. ಇದು ಬೇರೆ ಕ್ಲಾಸಿನವರದು. ಅವರ ಆ್ಯಪನ್ನು ನಾನು ಒಮ್ಮೆ ಫೋನಿಗೆ ಹಾಕಿ, ಮರುದಿನ ತೆಗೆದುಹಾಕಿದ್ದೆ. ಇದರಲ್ಲಿ ಕನ್ನಡಕ ಇರಲಿಲ್ಲ, ಎರಡು ಜಡೆ ಇತ್ತು. ರಸ್ತೆಯ ಈಚೆಗೊಬ್ಬಳು, ಆಚೆಗೊಬ್ಬಳು, ನಾನು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದೆ. ನಮ್ಮ ಮಹಡಿಗೆ ಹೊಸದಾಗಿ ಬಂದ ಬಾಡಿಗೆದಾರರು ಅಮ್ಮನನ್ನು ಲಿಫ್ಟಿನಲ್ಲಿ ಕೇಳಿದರಂತೆ, "ಅವಳಿಗಳಲ್ಲಿ ಒಬ್ಬಳೇ ಕಾಣ್ತಾಳೆ, ಕನ್ನಡಕದವಳು ಹಾಸ್ಟೆಲಿನಲ್ಲಾ?"

ಒಂದು ದಿನ ನಾನೇ ಆ ಫ್ಲೆಕ್ಸಿನ ಕೆಳಗೆ ರಸ್ತೆ ದಾಟಲು ನಿಂತಿದ್ದೆ. ಇಸ್ತ್ರಿ ಅಂಗಿಯ ಒಬ್ಬರು ಮೇಲೆ ನೋಡಿದರು, ನನ್ನನ್ನು ನೋಡಿದರು, ಗುರುತು ಹಿಡಿದರು.

"ಬೇಟಾ, ನಿಜ ಹೇಳು. ಇವೆರಡರಲ್ಲಿ ನೀನು ಓದಿದ್ದು ಎಲ್ಲಿ?"

"ಎರಡರಲ್ಲೂ ಇಲ್ಲ ಅಂಕಲ್. ಶಾಲೆಗೆ ಹೋಗ್ತಿದ್ದೆ, ಉಳಿದದ್ದು ಮನೆಯಲ್ಲೇ ಓದಿದೆ."

ಅವರ ಕಣ್ಣು ಅರಳಿತು. "ಮನೆಯಲ್ಲೇ?" ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಮಗಳಿಗೆ ತೋರಿಸುತ್ತೇನೆ ಎಂದು ನನ್ನ ಜೊತೆ ಒಂದು ಸೆಲ್ಫಿಯನ್ನೂ ತೆಗೆದುಕೊಂಡರು. ಸತ್ಯಕ್ಕೆ ಒಬ್ಬರಾದರೂ ಸಿಕ್ಕರಲ್ಲ ಎಂದು ನಾನು ಸಂತೋಷದಿಂದ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪನಿಗೂ ಸಮಾಧಾನವಾಯಿತು.

ಮುಂದಿನ ವಾರ ಸರ್ಕಲ್ಲಿನಲ್ಲಿ ಮೂರನೇ ಫ್ಲೆಕ್ಸ್ ಬಂತು. ಸೆಲ್ಫಿಯಿಂದ ಕತ್ತರಿಸಿದ ನನ್ನ ಫೋಟೋ, ಪಕ್ಕದಲ್ಲಿ ಕತ್ತರಿಸಲು ಮರೆತ ಒಂದು ಇಸ್ತ್ರಿ ಅಂಗಿಯ ಭುಜ. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು.

"ಮನೆಯಲ್ಲೇ ಓದಿ ಗೆದ್ದಳು. ನೀವೂ ಮನೆಯಲ್ಲೇ ಓದಲು ಕಲಿಯಿರಿ. ಹೊಸ ಬ್ಯಾಚ್ ಸೋಮವಾರದಿಂದ. ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ನಮ್ಮ ಕೇಂದ್ರದಲ್ಲಿ. ಹಾಜರಾತಿ ಕಡ್ಡಾಯ."